ಹೆಸರನ್ನು ತೊರೆದವನು: ‘ಇನ್‌ಟು ದಿ ವೈಲ್ಡ್’ ಚಲನಚಿತ್ರದ ಒಂದು ಅಧ್ಯಯನ

ನಾಡನ್ನು ತೊರೆದು ಕಾಡನ್ನು ಸೇರುವವನ ಕಥೆ ಯಾವುದೇ ಒಂದು ಸಂಸ್ಕೃತಿಯ ಸ್ವತ್ತಲ್ಲ. ಆದರೆ ಹಾಗೆ ತೊರೆಯುವುದಕ್ಕೆ ಒಂದು ವಿಧಿಯಿರುವ ಸಮಾಜಗಳುಂಟು, ಇಲ್ಲದ ಸಮಾಜಗಳೂ ಉಂಟು. ಭಾರತೀಯ ಪರಂಪರೆಯಲ್ಲಿ ಸಂನ್ಯಾಸಿಯಾಗುವವನು ಪೂರ್ವಾಶ್ರಮದ ಹೆಸರನ್ನು ಬಿಟ್ಟು ಗುರು ಕೊಟ್ಟ ಹೆಸರನ್ನು ಪಡೆಯುತ್ತಾನೆ. ಬಿಡುವುದಕ್ಕೂ ಪಡೆಯುವುದಕ್ಕೂ ಸಾಕ್ಷಿಗಳಿರುತ್ತಾರೆ. ಅಂಥ ವಿಧಿಯಿಲ್ಲದೆಡೆ ತರುಣನೊಬ್ಬ ತನ್ನ ಹೆಸರನ್ನು ತಾನೇ ಅಳಿಸಿ, ಇನ್ನೊಂದನ್ನು ತಾನೇ ಇಟ್ಟುಕೊಂಡು ಹೊರಟರೆ ಏನಾಗುತ್ತದೆ? ಶಾನ್ ಪೆನ್ ನಿರ್ದೇಶಿಸಿದ ‘ಇನ್‌ಟು ದಿ ವೈಲ್ಡ್’ (2007) ಚಿತ್ರವನ್ನು ಈ ಪ್ರಶ್ನೆಯ ನೆಲೆಯಿಂದ ಇಲ್ಲಿ ಪರಿಶೀಲಿಸಲಾಗಿದೆ. ಪ್ರಕೃತಿಯ ಆರಾಧನೆ ಅಥವಾ ಗ್ರಾಹಕ ಸಂಸ್ಕೃತಿಯ ನಿರಾಕರಣೆ ಎಂದಷ್ಟೇ ಈ ಚಿತ್ರವನ್ನು ಓದುವುದು ರೂಢಿಯಾಗಿದೆ. ಆ ಓದು ತಪ್ಪಲ್ಲ, ಸಾಲದು.

ಚಿತ್ರಕ್ಕೆ ಆಧಾರ ಜಾನ್ ಕ್ರಾಕೌರ್ 1996ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕೃತಿ. ಅದರ ವಸ್ತು ನಡೆದ ಸಂಗತಿ. 1968ರಲ್ಲಿ ಹುಟ್ಟಿದ ಕ್ರಿಸ್ಟೋಫರ್ ಮೆಕ್‌ಕ್ಯಾಂಡ್ಲೆಸ್ 1990ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಿಂದ ಪದವಿ ಪಡೆದನು. ತನ್ನಲ್ಲಿದ್ದ ಸುಮಾರು 24,000 ಡಾಲರ್ ಹಣವನ್ನು ಆಕ್ಸ್‌ಫ್ಯಾಮ್ ಸಂಸ್ಥೆಗೆ ದಾನಮಾಡಿ, ಮನೆಯವರಿಗೆ ತಿಳಿಸದೆ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟನು. ಅರಿಜೋನಾದ ಮರುಭೂಮಿಯಲ್ಲಿ ಹಠಾತ್ ಪ್ರವಾಹಕ್ಕೆ ಸಿಕ್ಕ ಕಾರನ್ನು ಅಲ್ಲಿಯೇ ಬಿಟ್ಟು, ಕೈಯಲ್ಲಿದ್ದ ನೋಟುಗಳನ್ನು ಸುಟ್ಟನು. ಎರಡು ವರ್ಷಗಳ ಅಲೆದಾಟದ ಅನಂತರ 1992ರ ಏಪ್ರಿಲ್ 28ರಂದು ಅಲಾಸ್ಕಾದ ಸ್ಟ್ಯಾಂಪೀಡ್ ಹಾದಿಯನ್ನು ಹಿಡಿದು ಕಾಡನ್ನು ಹೊಕ್ಕನು. ಅಲ್ಲಿ ಪಾಳುಬಿದ್ದಿದ್ದ ಹಳೆಯ ಬಸ್ಸೊಂದು ಅವನ ವಾಸಸ್ಥಾನವಾಯಿತು. ಸೆಪ್ಟೆಂಬರ್ 6ರಂದು ಬೇಟೆಗಾರರು ಅವನ ಶವವನ್ನು ಕಂಡಾಗ ಅದರ ತೂಕ ಸುಮಾರು 30 ಕಿಲೋಗ್ರಾಂ ಮಾತ್ರವಿತ್ತು.

ಚಿತ್ರದ ಮೊದಲ ಅಧ್ಯಾಯದ ಶೀರ್ಷಿಕೆ ‘ನನ್ನ ಸ್ವಂತ ಹುಟ್ಟು’ ಎಂಬ ಅರ್ಥದ್ದು. ಕೊನೆಯದು ಜ್ಞಾನಪ್ರಾಪ್ತಿಯನ್ನು ಹೇಳುತ್ತದೆ. ಹೆತ್ತವರಿಂದ ಬಂದ ಹುಟ್ಟನ್ನು ನಿರಾಕರಿಸಿ ತನ್ನನ್ನು ತಾನೇ ಹೆರುವ ಈ ಹಂಬಲಕ್ಕೆ ಕಾರಣವನ್ನು ತಂಗಿ ಕ್ಯಾರೀನಳ ನಿರೂಪಣೆ ಒದಗಿಸುತ್ತದೆ. ತಂದೆಯ ಮೊದಲ ವಿವಾಹ ಇನ್ನೂ ಊರ್ಜಿತದಲ್ಲಿರುವಾಗಲೇ ತಾವು ಹುಟ್ಟಿದವರೆಂಬುದು ಮಕ್ಕಳಿಗೆ ತಡವಾಗಿ ತಿಳಿಯುತ್ತದೆ. ಹೊತ್ತುಕೊಂಡ ಮನೆತನದ ಹೆಸರೇ ಒಂದು ಸುಳ್ಳಿನ ಮೇಲೆ ನಿಂತಿದೆ ಎಂದು ಆ ತರುಣನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ‘ಅಲೆಗ್ಜಾಂಡರ್ ಸೂಪರ್‌ಟ್ರ್ಯಾಂಪ್’ ಎಂದು, ಎಂದರೆ ಮಹಾ ಅಲೆಮಾರಿ ಎಂದು, ಅವನು ಇಟ್ಟುಕೊಂಡ ಹೆಸರಿನಲ್ಲಿ ದಿಗ್ವಿಜಯಿಯ ಠೀವಿಯೂ ತಿರುಕನ ಬಡತನವೂ ಒಟ್ಟಿಗೆ ಇವೆ. ಹುಡುಗಾಟಿಕೆಯೂ ಇದೆ, ಇದನ್ನು ಅವನ ಅಭಿಮಾನಿಗಳು ಗಮನಿಸುವುದು ಕಡಿಮೆ. ತಂಗಿಯ ಧ್ವನಿಯನ್ನು ನಿರೂಪಣೆಗೆ ಆರಿಸಿಕೊಂಡದ್ದು ನಿರ್ದೇಶಕರ ಒಳ್ಳೆಯ ನಿರ್ಧಾರ. ಹೋದವನ ಕಥೆಯನ್ನು ಉಳಿದವಳು ಹೇಳುತ್ತಾಳೆ. ಅವನು ಕಳಚಿಕೊಂಡ ಹೆಸರು ಅವಳ ಮಾತಿನಲ್ಲಿ ಮಾತ್ರ ಉಳಿದಿರುತ್ತದೆ. ಆ ಮನೆಯ ಹಿಂಸೆಯ ಬಗೆಗೆ ಚಿತ್ರ ಸೂಚಿಸಿದ್ದಕ್ಕಿಂತ ಹೆಚ್ಚಿನದನ್ನು ಕ್ಯಾರೀನ್ 2014ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ದಾಖಲಿಸಿದಳು. ಇದನ್ನು ತಿಳಿದು ಚಿತ್ರವನ್ನು ಮತ್ತೆ ನೋಡುವವರಿಗೆ ಕ್ರಿಸ್‌ನ ಮೌನ ಕೇವಲ ಹಟವಾಗಿ ಕಾಣಲಾರದು.

ದಾರಿಯಲ್ಲಿ ಸಿಕ್ಕ ಬಹುತೇಕ ಎಲ್ಲರೂ ಅವನಿಗೊಂದು ಸಂಬಂಧವನ್ನು ನೀಡಲು ಮುಂದಾಗುತ್ತಾರೆ. ಅಲೆಮಾರಿ ದಂಪತಿಗೆ ಅವನು ಮಗನಂತೆ. ದಕ್ಷಿಣ ಡಕೋಟಾದ ಧಾನ್ಯದ ವ್ಯವಹಾರಸ್ಥನಿಗೆ ತಮ್ಮನಂತೆ. ಇವುಗಳಲ್ಲಿ ಅತ್ಯಂತ ತೀಕ್ಷ್ಣವಾದುದು ರಾನ್ ಫ್ರಾಂಜ್ ಎಂಬ ವೃದ್ಧನ ಪ್ರಸಂಗ. ಹ್ಯಾಲ್ ಹಾಲ್‌ಬ್ರೂಕ್ ಅವರ ಈ ಪಾತ್ರಾಭಿನಯ 80ನೆಯ ಅಕಾಡೆಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. ಹೆಂಡತಿಯನ್ನೂ ಮಗನನ್ನೂ ಅಪಘಾತದಲ್ಲಿ ಕಳೆದುಕೊಂಡು ಒಂಟಿಯಾಗಿ ಚರ್ಮದ ಕೆಲಸ ಮಾಡಿಕೊಂಡಿರುವ ಈ ವೃದ್ಧ, ಬೀಳ್ಕೊಡುವ ಹೊತ್ತಿನಲ್ಲಿ, ತನ್ನ ವಂಶ ತನ್ನೊಡನೆ ಮುಗಿಯುವುದೆಂದು ಹೇಳಿ, ಕ್ರಿಸ್‌ನನ್ನು ಮೊಮ್ಮಗನನ್ನಾಗಿ ದತ್ತು ತೆಗೆದುಕೊಳ್ಳಲೇ ಎಂದು ಕೇಳುತ್ತಾನೆ. ಹೆಸರನ್ನು ಬಿಟ್ಟವನಿಗೆ ಹೆಸರನ್ನೇ ಕೊಡಲು ಬಂದ ಕ್ಷಣವಿದು. ಅಲಾಸ್ಕಾದಿಂದ ಬಂದ ಮೇಲೆ ಮಾತಾಡೋಣ ಎಂಬ ಉತ್ತರ ಬರುತ್ತದೆ. ನಿರಾಕರಣೆಯೂ ಅಲ್ಲದ, ಒಪ್ಪಿಗೆಯೂ ಅಲ್ಲದ ಆ ಮಾತನ್ನು ಕೇಳುವ ಮುದುಕನ ಕಣ್ಣುಗಳ ಮೇಲೆ ಕ್ಯಾಮೆರಾ ನಿಲ್ಲುತ್ತದೆ. ಹಿಮಪರ್ವತಗಳ ವಿಶಾಲ ದೃಶ್ಯಗಳೆಲ್ಲಕ್ಕಿಂತ ಈ ಕಾರಿನೊಳಗಿನ ಇಕ್ಕಟ್ಟಿನ ದೃಶ್ಯವೇ ಚಿತ್ರದ ನಿಜವಾದ ಎತ್ತರ.

ಕಾಡಿನ ಭಾಗದಲ್ಲಿ ಹೆಸರಿನ ಸಮಸ್ಯೆ ಬೇರೆಯ ರೂಪ ತಾಳುತ್ತದೆ. ಜುಲೈ ಆರಂಭದಲ್ಲಿ ಕ್ರಿಸ್ ಊರಿಗೆ ಮರಳಲು ಹೊರಡುತ್ತಾನೆ. ಬೇಸಿಗೆಯ ಹಿಮ ಕರಗಿ ಟೆಕ್ಲಾನಿಕಾ ನದಿ ತುಂಬಿ ಹರಿಯುತ್ತಿರುತ್ತದೆ. ಅವನು ಹಿಂದಿರುಗಬೇಕಾಗುತ್ತದೆ. ಹಸಿವಿನಲ್ಲಿ ಅವನು ತಿಂದ ಸಸ್ಯವೊಂದು ಅವನನ್ನು ಕೆಡಿಸುತ್ತದೆ. ಚಿತ್ರದ ಪ್ರಕಾರ ಇದು ಗುರುತಿನ ತಪ್ಪು: ಕಾಡು ಆಲೂಗೆಡ್ಡೆ ಎಂದು ತಿಳಿದು ಅದನ್ನೇ ಹೋಲುವ ಇನ್ನೊಂದು ಗಿಡವನ್ನು ತಿನ್ನುತ್ತಾನೆ. ಪ್ರತಿಯೊಂದನ್ನೂ ಅದರ ಸರಿಯಾದ ಹೆಸರಿನಿಂದ ಕರೆಯಬೇಕೆಂಬ, ‘ಡಾಕ್ಟರ್ ಝಿವಾಗೋ’ ಓದಿನಿಂದ ಬಂದ ಆಶಯವನ್ನು ಚಿತ್ರ ಇದರೊಡನೆ ಹೆಣೆಯುತ್ತದೆ. ತನ್ನ ಹೆಸರನ್ನು ತಪ್ಪಾಗಿ ಕರೆದುಕೊಂಡವನು ಗಿಡದ ಹೆಸರನ್ನೂ ತಪ್ಪಾಗಿ ಓದಿ ಸಾಯುತ್ತಾನೆ ಎಂಬ ವಿನ್ಯಾಸ ಸೊಗಸಾಗಿದೆ.

ಆದರೆ ಸೊಗಸಿಗಾಗಿ ಚಿತ್ರ ಕೊಟ್ಟ ಬೆಲೆಯನ್ನೂ ಹೇಳಬೇಕು. ಗುರುತಿನ ತಪ್ಪು ಎಂಬ ಊಹೆಯನ್ನು ಕ್ರಾಕೌರ್ 1993ರ ಲೇಖನದಲ್ಲಿ ಮಂಡಿಸಿದ್ದರೂ 1996ರ ಕೃತಿಯಲ್ಲಿ ಅದನ್ನು ಕೈಬಿಟ್ಟಿದ್ದರು. ಗಿಡ ಸರಿಯಾದುದೇ, ಅದರ ಬೀಜದಲ್ಲಿ ವಿಷವಿತ್ತು ಎಂಬುದು ಅವರ ಅನಂತರದ ನಿಲುವು. 2013ರಲ್ಲಿ ಅವರು ಆ ವಿಷವನ್ನು ಕೇಸರಿ ಬೇಳೆಯಲ್ಲಿರುವ, ಕಾಲುಗಳನ್ನು ಸ್ವಾಧೀನ ತಪ್ಪಿಸುವ ಓಡಾಪ್ ಎಂಬ ಅಂಶವೆಂದು ಗುರುತಿಸಿದರು. 2015ರಲ್ಲಿ ಅದನ್ನೂ ತಿದ್ದಿ ಕೆನವನೈನ್ ಎಂಬ ಬೇರೊಂದು ವಸ್ತುವನ್ನು ಸೂಚಿಸಿದರು. ಹಸಿವೇ ಸಾಕಷ್ಟು ಕಾರಣವೆನ್ನುವವರೂ ಇದ್ದಾರೆ. ಹೀಗಿರುವಾಗ ಮೂಲಕೃತಿ ಬಿಟ್ಟ ಕಾರಣವನ್ನೇ ಚಿತ್ರ ಮರಳಿ ತಂದದ್ದು ಕಥೆಯ ಅಚ್ಚುಕಟ್ಟಿಗಾಗಿ ಎಂದು ಭಾವಿಸದೆ ವಿಧಿಯಿಲ್ಲ. ನದಿಯನ್ನು ದಾಟಲು ಕೈಯಿಂದ ಎಳೆಯುವ ತಂತಿತೊಟ್ಟಿಲೊಂದು ಸ್ವಲ್ಪವೇ ದೂರದಲ್ಲಿತ್ತು, ವಿವರವಾದ ಭೂಪಟವೊಂದಿದ್ದರೆ ಅದು ತಿಳಿಯುತ್ತಿತ್ತು ಎಂಬ ವಿಷಯ ಪುಸ್ತಕದಲ್ಲಿದೆ. ಚಿತ್ರ ಅದಕ್ಕೆ ಒತ್ತು ಕೊಡಲಿಲ್ಲ. ನಕ್ಷೆಯ ಕೊರತೆ ದುರಂತಕ್ಕೆ ತೀರ ಸಣ್ಣ ಕಾರಣವೆಂದು ತೋರಿರಬೇಕು.

ಇದು ಕೇವಲ ರೂಪಾಂತರದ ಪ್ರಶ್ನೆಯಲ್ಲ. ಪುಸ್ತಕವನ್ನೂ ಚಿತ್ರವನ್ನೂ ಮೆಚ್ಚಿದ ಅನೇಕರು ಆ ಬಸ್ಸಿಗೆ ಯಾತ್ರೆ ಹೊರಟರು. 2010ರಲ್ಲಿ ಮತ್ತು 2019ರಲ್ಲಿ ಹೀಗೆ ಹೋದ ತರುಣಿಯರಿಬ್ಬರು ಅದೇ ನದಿಯಲ್ಲಿ ಕೊಚ್ಚಿಹೋಗಿ ಸತ್ತರು, ಹಲವರನ್ನು ರಕ್ಷಿಸಬೇಕಾಯಿತು. ಕೊನೆಗೆ 2020ರ ಜೂನ್ 18ರಂದು ಬಸ್ಸನ್ನು ಹೆಲಿಕಾಪ್ಟರಿನಿಂದ ಎತ್ತಿ ಸಾಗಿಸಲಾಯಿತು. ಅನಂತರ ಅದು ಫೇರ್‌ಬ್ಯಾಂಕ್ಸ್‌ನ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯವನ್ನು ಸೇರಿತು. ಕ್ರಿಸ್ ಅದಕ್ಕೆ ‘ಮ್ಯಾಜಿಕ್ ಬಸ್’ ಎಂದು ಹೆಸರಿಟ್ಟಿದ್ದನು. ಅದರ ಮೈಮೇಲೆ ಇದ್ದದ್ದು ಫೇರ್‌ಬ್ಯಾಂಕ್ಸ್ ನಗರ ಸಾರಿಗೆಯ 142 ಎಂಬ ಸಂಖ್ಯೆ.

ಬಸ್ಸಿನ ಬಳಿ ಅವನು ಅಂಟಿಸಿದ್ದ ಸಹಾಯಯಾಚನೆಯ ಚೀಟಿಯಲ್ಲಿ ಅಲೆಮಾರಿಯ ಹೆಸರಿರಲಿಲ್ಲ. ಕ್ರಿಸ್ ಮೆಕ್‌ಕ್ಯಾಂಡ್ಲೆಸ್ ಎಂದೇ ಸಹಿಯಿತ್ತು. ಚಿತ್ರವೂ ಕೊನೆಯ ಗಳಿಗೆಗಳಲ್ಲಿ ಅವನಿಂದ ಹುಟ್ಟುಹೆಸರನ್ನೇ ಬರೆಯಿಸುತ್ತದೆ. ಆ ಬರಹದ ಬಳಿಕ ನಟ ಎಮಿಲ್ ಹರ್ಷ್ ತೆರೆಯಿಂದ ಮರೆಯಾಗುತ್ತಾನೆ. ಕಾಣಿಸಿಕೊಳ್ಳುವುದು ನಿಜವಾದ ಕ್ರಿಸ್ ತಾನೇ ತೆಗೆದುಕೊಂಡಿದ್ದ ಛಾಯಾಚಿತ್ರ: ಬಸ್ಸಿಗೆ ಒರಗಿ, ಕಾಲಮೇಲೆ ಕಾಲು ಹಾಕಿ ಕುಳಿತು, ನಗುತ್ತಿದ್ದಾನೆ.