ಎದೆನೋವು: ಗ್ಯಾಸ್ ಅಂತ ಸುಮ್ಮನಿರಬೇಡಿ

ಅಕ್ಕಂದಿರೇ, ನೀವು ಕೌದಿ ಹೊಲಿದಿದ್ದೀರಾ? ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುತ್ತೇವೆ. ದಾರ ಬಿಟ್ಟರೆ ಪದರಗಳು ಬೇರೆಯಾಗುತ್ತವೆ. ನಡುವೆ ಚೀಲದ ಹಾಗೆ ಜಾಗ ಆಗುತ್ತದೆ.

ನಮ್ಮ ಹೃದಯಕ್ಕೂ ರಕ್ತ ಬೇಕು. ಅದನ್ನು ತರುವ ಸಣ್ಣ ನಾಳಗಳಿವೆ. ಆ ನಾಳದ ಗೋಡೆಗೆ ಮೂರು ಪದರ. ಕೆಲವರಲ್ಲಿ ಪದರ ಇದ್ದಕ್ಕಿದ್ದಂತೆ ಬಿಡುತ್ತದೆ. ನಡುವೆ ರಕ್ತ ತುಂಬುತ್ತದೆ. ಊದಿದ ಗೋಡೆ ನಾಳವನ್ನು ಒತ್ತುತ್ತದೆ. ಹೃದಯಕ್ಕೆ ರಕ್ತ ಸಾಲದೆ ಬರುತ್ತದೆ. ಇದೂ ಹೃದಯಾಘಾತವೇ. ಡಾಕ್ಟರು ಇದಕ್ಕೆ ‘ಸ್ಕ್ಯಾಡ್’ ಅನ್ನುತ್ತಾರೆ.

ಇದು ಬಂದ 10 ಜನರಲ್ಲಿ ಸುಮಾರು 9 ಜನ ಹೆಂಗಸರು. ಹೆಚ್ಚಿನವರು 45ರಿಂದ 55 ವಯಸ್ಸಿನ ಆಸುಪಾಸಿನವರು. ಬಾಣಂತಿಯರಿಗೂ ಬರಬಹುದು. ಸಕ್ಕರೆ ಕಾಯಿಲೆ ಇರೋದಿಲ್ಲ, ಹೊಗೆಸೊಪ್ಪು ಇರೋದಿಲ್ಲ, ಆದರೂ ಬರುತ್ತದೆ. ದೊಡ್ಡ ದುಃಖವಾದಾಗ, ಭಾರ ಎತ್ತಿದಾಗ ಕೆಲವರಿಗೆ ಶುರುವಾಗುತ್ತದೆ.

48 ವರ್ಷದ ಒಬ್ಬ ತಾಯಿ ಅಂದುಕೊಳ್ಳಿ. ಮೂಟೆ ಎತ್ತಿ ಇಟ್ಟಳು. ಕೂಡಲೇ ನೋವು.

“ಅತ್ತೆ, ಎದೆ ಹಿಂಡಿದ ಹಾಗೆ ಆಗ್ತಿದೆ. ಕೈ, ದವಡೆ, ಬೆನ್ನು ಎಲ್ಲಾ ನೋವು. ಬೆವರು ಕಿತ್ಕೊಂಡು ಬರ್ತಿದೆ. ವಾಂತಿ ಬರೋ ಹಾಗಿದೆ.”

“ಗ್ಯಾಸ್ ಕಣಮ್ಮ. ಜೀರಿಗೆ ಕಷಾಯ ಕುಡಿದು ಮಲಕ್ಕೋ.”

ಇದೇ ನೋವು ಮಗನಿಗೆ ಬಂದಿದ್ದರೆ? ಆಗಲೇ ಗಾಡಿ ಬರುತ್ತಿತ್ತು! ಹೆಂಗಸರಿಗೆ ಮಾತ್ರ ಕಷಾಯ. ಇದು ನನಗೆ ಸರಿ ಕಾಣೋದಿಲ್ಲ.

ಹಾಗಾದರೆ ಏನು ಮಾಡಬೇಕು? ಒಲೆ ಆರಿಸಿ, ಕೂತುಕೊಳ್ಳಿ. ಪಾತ್ರೆ ಆಮೇಲೆ ತೊಳೆದರಾಯ್ತು. 108ಕ್ಕೆ ಫೋನ್ ಮಾಡಿಸಿ. ಆಂಬುಲೆನ್ಸ್‌ಗೆ ದುಡ್ಡಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದು ಹೋಗಬೇಡಿ.

ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುತ್ತಾರೆ. ಮೊದಲ ಇ.ಸಿ.ಜಿ. ಸರಿ ಇದ್ದರೂ ಹೃದಯಾಘಾತ ಇರಬಹುದು. ನೋವು ಹೋಗದಿದ್ದರೆ ಮನೆಗೆ ಹೊರಡಬೇಡಿ. “ಇನ್ನೊಂದು ಸಲ ತೆಗೀರಿ, ರಕ್ತ ಪರೀಕ್ಷೆ ಮಾಡಿ ಸಾರ್” ಅಂತ ಕೇಳಿ. ಕೇಳೋದಕ್ಕೆ ನಾಚಿಕೆ ಯಾಕೆ? ನಾಳದ ಒಳಗೆ ಏನಾಗಿದೆ ಅಂತ ಆಂಜಿಯೋಗ್ರಾಮ್‌ನಲ್ಲಿ ಕಾಣುತ್ತದೆ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಬಹಳ ಜನರಿಗೆ ಈ ಬಿಟ್ಟ ಪದರ ತಾನೇ ಕೂಡಿಕೊಳ್ಳುತ್ತದೆ. ಅದಕ್ಕೆ ಕೆಲವು ವಾರ, ಕೆಲವು ತಿಂಗಳು ಬೇಕು. ಅದಕ್ಕೇ ಡಾಕ್ಟರು “ಸ್ಟೆಂಟ್ ಬೇಡ, ಮಾತ್ರೆ ಸಾಕು” ಅನ್ನಬಹುದು. ಅದು ಅಸಡ್ಡೆ ಅಲ್ಲ. ಸ್ಟೆಂಟ್ ಹಾಕಲು ಹೋದರೆ ಪದರ ಇನ್ನಷ್ಟು ಬಿಡಬಹುದು. ರಕ್ತ ಪೂರ್ತಿ ನಿಂತರೆ, ನೋವು ನಿಲ್ಲದಿದ್ದರೆ ಆಗ ಬೇರೆ ಮಾತು. ಮೊದಲ ದಿನಗಳಲ್ಲಿ ಮತ್ತೆ ಬಿಡುವ ಭಯ ಇರುತ್ತದೆ. ಅದಕ್ಕಾಗಿ ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕು. “ಮನೇಲಿ ಹಸು ಕಟ್ಟಿದೆ” ಅಂತ ಎದ್ದು ಬರಬೇಡಿ.

ಮನೆಗೆ ಬಂದ ಮೇಲೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೊಡ, ಮೂಟೆ ಎತ್ತುವ ಮೊದಲು ಡಾಕ್ಟರನ್ನು ಕೇಳಿ. ಅವರು ಹೇಳಿದಷ್ಟು ನಡೆಯಿರಿ. ಇನ್ನೊಂದು ಮಗು ಬೇಕು ಅನ್ನುವವರು ಮೊದಲೇ ಹೃದಯದ ಡಾಕ್ಟರ ಹತ್ತಿರ ಮಾತಾಡಬೇಕು. ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಬರುತ್ತದೆ. ಆಸ್ಪತ್ರೆಯ ಚೀಟಿಗಳನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡಿ.

ಈಗ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ: 108.