ಮನೆ ಕೇಳುವ ಮೊದಲು ನಡಾವಳಿ ಕೇಳಿ

ಹಳ್ಳಿಯಲ್ಲಿ ಸರ್ಕಾರಿ ಮನೆಯ ಮಾತು ಎತ್ತಿದರೆ ಕಿವಿಗೆ ಬೀಳುವುದು ಇಂಥವೇ. ‘ಈ ಸಲ ಪಂಚಾಯ್ತಿಗೆ ಎಷ್ಟು ಮನೆ ಬಂದವು?’ ‘ಮೆಂಬರ್ ಹತ್ರ ಹೇಳಿ ನಮ್ದೂ ಒಂದು ಹಾಕಿಸಿ.’ ‘ಅವರಿಗೆ ಆಗಲೇ ಒಂದು ಆಗಿತ್ತಲ್ಲ, ಮತ್ತೆ ಹೆಂಗೆ ಬಂತು?’ ಮನೆ ‘ಬರುತ್ತದೆ’, ಇಲ್ಲವೇ ಯಾರೋ ‘ಹಾಕಿಸುತ್ತಾರೆ’. ಮಳೆಯೋ ದಾನವೋ ಎಂಬಂತೆ ಮಾತಾಡಿ ಮಾತಾಡಿ, ಅದರ ಹಿಂದೆ ಒಂದು ಸಭೆ, ಒಂದು ಪುಸ್ತಕ, ಒಂದು ಪಟ್ಟಿ ಇರಬೇಕೆಂಬುದನ್ನೇ ಮರೆತಿದ್ದೇವೆ. ಮೆಂಬರಿಗೂ ನಾವು ಮರೆತಿರುವುದೇ ಅನುಕೂಲ.

ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ‘ನನಗೆ ಮನೆ ಕೊಡಿ’ ಎಂದು ಕೋರ್ಟಿಗೆ ಹೋಗಿ ಮರುದಿನವೇ ಮನೆ ಪಡೆಯುವ ಕಾನೂನು ನಮ್ಮಲ್ಲಿಲ್ಲ. ವಸತಿಯ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದು ಸುಪ್ರೀಂ ಕೋರ್ಟ್ ಚಮೇಲಿ ಸಿಂಗ್ ಪ್ರಕರಣದಲ್ಲಿ ಹೇಳಿದೆ, ನಿಜ. ಆದರೆ ಇಂಥವರಿಗೆ ಇಂಥ ವರ್ಷ ಮನೆ ಎಂಬುದನ್ನು ಯೋಜನೆ ಮತ್ತು ಅನುದಾನ ನಿರ್ಧರಿಸುತ್ತವೆ. ಹಾಗಾದರೆ ನಾಗರಿಕರ ಕೈಯಲ್ಲಿ ಏನಿದೆ? ಆಯ್ಕೆ ನಿಯಮದ ಪ್ರಕಾರ ನಡೆಯಬೇಕೆಂದು ಕೇಳುವ ಹಕ್ಕಿದೆ. ಹೆಸರು ಬಿಟ್ಟರೆ ಕಾರಣ ಕೇಳುವ ಹಕ್ಕಿದೆ. ಕಾಗದವನ್ನು ಕಣ್ಣಾರೆ ನೋಡುವ ಹಕ್ಕಿದೆ. ಸರಿಯಾಗಿ ಬಳಸಿದರೆ ಇದು ಸಣ್ಣದಲ್ಲ.

ಗುರಿ ಎಲ್ಲಿಂದ ಇಳಿಯುತ್ತದೆ

ಗ್ರಾಮೀಣ ವಸತಿ ಎಂಬುದು ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಒಂದು. ಹಣ ಮಾತ್ರ ಮೇಲಿನಿಂದ ಬರುತ್ತದೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಒಂದು ಕಡೆ. ರಾಜ್ಯದ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ವಿಶೇಷ ವರ್ಗದವರಿಗಾಗಿ ದೇವರಾಜ ಅರಸು ವಸತಿ ಇನ್ನೊಂದು ಕಡೆ. ರಾಜ್ಯದಲ್ಲಿ ಇವುಗಳ ಲೆಕ್ಕ ಇಡುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಇಷ್ಟು ಮನೆ ಎಂಬ ಗುರಿ ಮೇಲಿನಿಂದ ಪಂಚಾಯತಿವರೆಗೆ ಹಂಚಿಕೆಯಾಗಿ ಬರುತ್ತದೆ. ಊರಲ್ಲಿ ‘ಮನೆ ಬಂತು’ ಅನ್ನುವುದು ಈ ಗುರಿ ಬಂದದ್ದಕ್ಕೆ. ಆ ಹೊತ್ತಿಗೆ ಫಲಾನುಭವಿ ಯಾರೆಂದು ಇನ್ನೂ ತೀರ್ಮಾನವಾಗಿರುವುದಿಲ್ಲ.

ಅದನ್ನು ತೀರ್ಮಾನಿಸಬೇಕಾದ್ದು ಸಭೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ವಾರ್ಡ್ ಸಭೆ ಮೊದಲು, ಗ್ರಾಮ ಸಭೆ ಆಮೇಲೆ. ವೈಯಕ್ತಿಕ ಸೌಲಭ್ಯಗಳಿಗೆ ಅರ್ಹರನ್ನು ಗುರುತಿಸಿ ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡುವುದು ವಾರ್ಡ್ ಸಭೆಯ ಕೆಲಸ. ಅವನ್ನೆಲ್ಲ ಒಟ್ಟುಗೂಡಿಸಿ ಒಪ್ಪುವುದು ಗ್ರಾಮ ಸಭೆಯ ಕೆಲಸ. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕು. ಗ್ರಾಮ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಇಲ್ಲವೇ 100 ಜನ, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಕೋರಂ ಬೇಕು. ನಾಲ್ಕು ಕುರ್ಚಿ, ಒಂದು ಮೈಕು, ಜಗುಲಿ ಮೇಲೆ ಹದಿನೈದು ಜನ ಇದ್ದರೆ ಅದು ಗ್ರಾಮ ಸಭೆ ಅಲ್ಲ. ಎದ್ದು ನಿಂತು ‘ಕೋರಂ ಇಲ್ಲ, ಮುಂದೂಡಿ’ ಎಂದು ಹೇಳುವ ಅಧಿಕಾರ ನಿಮಗಿದೆ.

ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ನಡಾವಳಿ ಪುಸ್ತಕದ ಮಹತ್ವ ಇರುವುದು ಇಲ್ಲೇ. ಮುಂದೆ ಆನ್‌ಲೈನಿನಲ್ಲಿ ಯಾರ ಹೆಸರು ಸೇರಿದರೂ, ಯಾರ ಹೆಸರು ಬಿದ್ದರೂ, ಅದಕ್ಕೆ ಬೇರು ಈ ಪುಸ್ತಕದ ಒಂದು ಠರಾವು. ಹಲವು ಊರುಗಳಲ್ಲಿ ನಡೆಯುವುದು ಏನೆಂದರೆ, ಸಭೆಗೆ ಬಂದವರ ಸಹಿ ಮೊದಲು ಆಗುತ್ತದೆ, ಠರಾವು ಆಮೇಲೆ ಕಚೇರಿಯಲ್ಲಿ ನಿಧಾನಕ್ಕೆ ಬರೆಯಲ್ಪಡುತ್ತದೆ. ಕೆಲವೊಮ್ಮೆ ಬಿಲ್ ಕಲೆಕ್ಟರ್ ಮನೆಮನೆಗೆ ಪುಸ್ತಕ ಹೊತ್ತು ತಂದು ‘ಒಂದು ಸಹಿ ಹಾಕಿ ಅಣ್ಣಾ’ ಎನ್ನುತ್ತಾನೆ. ನಾನೂ ಒಮ್ಮೆ ಹಾಗೆ ಸಹಿ ಹಾಕಿದವನೇ. ಪುಟದ ಮೇಲ್ಭಾಗ ಖಾಲಿ ಇತ್ತು. ಅಲ್ಲಿ ಏನು ತುಂಬಿತೆಂದು ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಅನುಭವದಿಂದ ಹೇಳುತ್ತೇನೆ: ಬರೆದದ್ದನ್ನು ಓದಿಸಿ ಕೇಳಿ, ಕೊನೆಯ ಸಾಲಿನ ಕೆಳಗೇ ಸಹಿ ಹಾಕಿ, ದಿನಾಂಕ ಬರೆಯಿರಿ. ಪಟ್ಟಿಗೆ ಆಕ್ಷೇಪಣೆ ಇದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಒಂದು ಅರ್ಜಿ ಬರೆದು ಸಭೆಯಲ್ಲೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸೀಲು ಹಾಕಿಸಿಕೊಳ್ಳಿ. ಸಭೆಯ ವಿಡಿಯೊ ಮಾಡಿದ್ದರೆ ಅದೂ ದಾಖಲೆಯೇ.

ಹೆಸರು ಬಿದ್ದಾಗ

ಕೇಂದ್ರದ ಯೋಜನೆಯಲ್ಲಿ ಪಟ್ಟಿಯ ಕಥೆ ಸ್ವಲ್ಪ ಬೇರೆ. 2016ರಲ್ಲಿ ಇಂದಿರಾ ಆವಾಸ್ ಯೋಜನೆಯನ್ನು ಪುನರ್‌ರೂಪಿಸಿದಾಗ, ‘ಯಾರು ಬೇಕೋ ಅವರನ್ನು ಸೇರಿಸು’ ಎನ್ನುವ ಪದ್ಧತಿಗೆ ಕತ್ತರಿ ಹಾಕಲೆಂದೇ 2011ರ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿಯನ್ನು ಆಧಾರ ಮಾಡಲಾಯಿತು. ಮನೆಯೇ ಇಲ್ಲದವರು, ಒಂದು ಅಥವಾ ಎರಡು ಕೋಣೆಯ ಕಚ್ಚಾ ಮನೆಯವರು ಆ ಪಟ್ಟಿಯಲ್ಲಿದ್ದರು. ಅದರಲ್ಲಿ ಬಿಟ್ಟುಹೋದವರಿಗಾಗಿ ಆವಾಸ್ ಪ್ಲಸ್ ಸಮೀಕ್ಷೆ ಬಂತು. 2024ರಲ್ಲಿ ಮತ್ತೊಂದು ಸುತ್ತು ಶುರುವಾಯಿತು, ಅದರಲ್ಲಿ ಜನ ತಾವೇ ಮೊಬೈಲಿನಲ್ಲಿ ವಿವರ ತುಂಬುವ ಅವಕಾಶವೂ ಇತ್ತು. ಅದೇ ವರ್ಷ ಹೊರಗಿಡುವ ಷರತ್ತುಗಳು 13ರಿಂದ 10ಕ್ಕೆ ಇಳಿದವು. ಇದು ಬಹಳ ಜನಕ್ಕೆ ತಲುಪಿಲ್ಲ. ‘ಬೈಕ್ ಇದೆ, ನಿಮಗೆ ಬರಲ್ಲ’, ‘ಫ್ರಿಜ್ ಇದೆ, ಆಗಲ್ಲ’ ಎಂಬ ಮಾತು ಪಂಚಾಯತಿ ಕಟ್ಟೆಯಲ್ಲಿ ಈಗಲೂ ಕೇಳುತ್ತದೆ. ಆ ಷರತ್ತುಗಳು ಈಗಿಲ್ಲ. ಕುಟುಂಬದ ಯಾರಾದರೂ ಒಬ್ಬರ ತಿಂಗಳ ಆದಾಯದ ಮಿತಿಯೂ 10,000ದಿಂದ 15,000 ರೂಪಾಯಿಗೆ ಏರಿದೆ. ಕಾರು, ಆಟೊ, ಟ್ರ್ಯಾಕ್ಟರ್ ಇದ್ದವರು, ಸರ್ಕಾರಿ ನೌಕರರಿರುವ ಕುಟುಂಬ, ಆದಾಯ ತೆರಿಗೆ ಕಟ್ಟುವವರು, ಎರಡೂವರೆ ಎಕರೆ ನೀರಾವರಿ ಅಥವಾ ಐದು ಎಕರೆ ಖುಷ್ಕಿ ಇರುವವರು ಈಗಲೂ ಹೊರಗೇ. 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದವರೂ ಹೊರಗೆ, ಆ ಮಿತಿ ಈ ಕಾಲಕ್ಕೆ ಏನೇನೂ ಅಲ್ಲ ಎಂಬುದು ನನ್ನ ಅನಿಸಿಕೆ.

ಈ ಪಟ್ಟಿಯನ್ನು ಗ್ರಾಮ ಸಭೆಯ ಮುಂದಿಟ್ಟು ಪರಿಶೀಲಿಸಬೇಕು. ಯಾರ ಹೆಸರನ್ನಾದರೂ ತೆಗೆದರೆ ಕಾರಣವನ್ನು ನಡಾವಳಿಯಲ್ಲಿ ದಾಖಲಿಸಬೇಕು. ‘ಅನರ್ಹ’ ಎಂಬ ಒಂದು ಪದ ಕಾರಣವಲ್ಲ. ಹತ್ತರಲ್ಲಿ ಯಾವ ಷರತ್ತು, ಅದಕ್ಕೆ ಆಧಾರವೇನು ಎಂಬುದು ಕಾರಣ. ಹೆಸರು ತಪ್ಪಾಗಿ ಬಿದ್ದಿದೆ ಎನ್ನುವವರ ದೂರು ಕೇಳಲು ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಸಮಿತಿ ಇರಬೇಕೆಂದು ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ಅಲ್ಲಿ ಅರ್ಜಿ ಹಾಕುವಾಗ ರೇಷನ್ ಕಾರ್ಡ್, ಈಗಿರುವ ಗುಡಿಸಲಿನ ಫೋಟೊ, ಪಹಣಿ ಇದ್ದರೆ ಅದರ ಪ್ರತಿ ಇವುಗಳ ಜೊತೆ ನಡಾವಳಿಯ ಪ್ರತಿಯನ್ನೂ ಲಗತ್ತಿಸಿ. ಅದಿಲ್ಲದೆ ಹೋದರೆ ‘ಪಂಚಾಯತಿಯಿಂದ ವರದಿ ತರಿಸುತ್ತೇವೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ನಡಾವಳಿಯ ಪ್ರತಿ ಕೊಡುವುದಿಲ್ಲ ಎಂದರೆ? ಮಾಹಿತಿ ಹಕ್ಕು ಕಾಯ್ದೆ, 2005 ಇರುವುದೇ ಅದಕ್ಕೆ. ಅಸಲಿಗೆ ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರ ಮತ್ತು ಮಂಜೂರಾದ ಮೊತ್ತವನ್ನು ಯಾರೂ ಕೇಳದಿದ್ದರೂ ತಾನಾಗಿ ಪ್ರಕಟಿಸಬೇಕು ಎಂದು ಅದರ 4ನೇ ಕಲಮು ಹೇಳುತ್ತದೆ. ಪಟ್ಟಿ ಗೋಡೆ ಮೇಲೆ ಇರಬೇಕಾದ್ದು. ಅದನ್ನು ಅರ್ಜಿ ಹಾಕಿ ಪಡೆಯಬೇಕಾಗಿ ಬಂದಿರುವುದೇ ತಮಾಷೆ. ಅರ್ಜಿ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೆಸರಿಗೆ, ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರು ದಾಖಲೆ ಲಗತ್ತಿಸಿದರೆ ಶುಲ್ಕವಿಲ್ಲ. ಕರ್ನಾಟಕದಲ್ಲಿ ಒಂದು ವಿಶೇಷ ಎಚ್ಚರ ಬೇಕು: ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಚರಂಡಿ, ಬೀದಿದೀಪ, ಮನೆ ಎಲ್ಲ ಒಂದೇ ಹಾಳೆಗೆ ತುರುಕಿದರೆ ತಿರಸ್ಕರಿಸಲು ನಾವೇ ನೆಪ ಕೊಟ್ಟಂತೆ. ಹೀಗೆ ಬರೆದರೆ ಸಾಕು:

‘ನಮ್ಮ ಗ್ರಾಮ ಪಂಚಾಯತಿಗೆ ಇಂಥ ಆರ್ಥಿಕ ವರ್ಷದಲ್ಲಿ ವಸತಿ ಯೋಜನೆಗಳಡಿ ನಿಗದಿಯಾದ ಗುರಿಯ ಆದೇಶ, ಫಲಾನುಭವಿಗಳನ್ನು ಆಯ್ಕೆ ಮಾಡಿದ ವಾರ್ಡ್ ಸಭೆ ಮತ್ತು ಗ್ರಾಮ ಸಭೆಯ ನಡಾವಳಿ ಹಾಜರಾತಿ ಸಹಿತ, ಆಯ್ಕೆಯಾದವರ ಮತ್ತು ಕೈಬಿಟ್ಟವರ ಪಟ್ಟಿ ಕಾರಣ ಸಹಿತ, ಇವುಗಳ ದೃಢೀಕೃತ ಪ್ರತಿ ಕೊಡಿ. ಮೂಲ ಕಡತವನ್ನು ಪರಿಶೀಲಿಸಲು ದಿನಾಂಕ ತಿಳಿಸಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಕಡತವನ್ನು ಕೂತು ನೋಡುವುದೂ ಕಾಯ್ದೆ ಕೊಟ್ಟ ಹಕ್ಕು, ಪ್ರತಿಯಲ್ಲಿ ಕಾಣದ ತಿದ್ದುಪಡಿ, ಬಿಳಿ ಶಾಯಿ, ನಡುವೆ ತೂರಿಸಿದ ಸಾಲು ಮೂಲದಲ್ಲಿ ಕಣ್ಣಿಗೆ ಬೀಳುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಗ್ರಾಮ ಪಂಚಾಯತಿಯ ವಿಷಯದಲ್ಲಿ ಅದು ತಾಲ್ಲೂಕು ಪಂಚಾಯತಿಯ ಇಒ ಅವರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗದಲ್ಲಿ ತಡವಾಗುತ್ತದೆ, ಅದನ್ನು ಮುಚ್ಚಿಡಲಾರೆ. ಆದರೆ ಅರ್ಜಿ ಕೊಟ್ಟ ವಾರದಲ್ಲೇ ‘ಯಾಕೆ ಅದೆಲ್ಲ, ಬನ್ನಿ ಮಾತಾಡೋಣ’ ಎಂಬ ಫೋನು ಬಂದರೆ ಆಶ್ಚರ್ಯಪಡಬೇಡಿ.

ಮಂಜೂರಾದ ಮೇಲೆ

ಕಾರ್ಯಾದೇಶ ಕೈಗೆ ಬಂತೆಂದರೆ ಅರ್ಧ ಗೆದ್ದಂತೆ ಅಂದುಕೊಳ್ಳುತ್ತೇವೆ. ಬಹಳ ಮನೆಗಳು ನಿಲ್ಲುವುದು ಅಲ್ಲಿಂದ ಮುಂದೆ. ಹಣ ಒಂದೇ ಗಂಟಾಗಿ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ಜಿಪಿಎಸ್ ಫೋಟೊ ಆಗಿ, ನಿಗಮದ ತಂತ್ರಾಂಶದಲ್ಲಿ ಅನುಮೋದನೆಯಾಗಿ, ಬಿಲ್ಲು ನೇರ ಬ್ಯಾಂಕ್ ಖಾತೆಗೆ ಬೀಳಬೇಕು. ಈ ಏರ್ಪಾಟಿಗೆ ಬುದ್ಧಿವಂತಿಕೆ ಇದೆ: ಕಟ್ಟದ ಮನೆಗೆ ಬಿಲ್ ಎತ್ತುವುದು, ಒಂದೇ ಮನೆಯನ್ನು ಮೂವರ ಹೆಸರಿಗೆ ತೋರಿಸುವುದು ಕಷ್ಟವಾಗಿದೆ. ಮೂರ್ಖತನವೂ ಇದೆ: ಖಾಲಿ ಜಾಗದ ಫೋಟೊ ಆದ ಮೇಲೆ ದಾಯಾದಿಗಳ ತಕರಾರಿಗೆ ಹೆದರಿ ಹತ್ತು ಮೀಟರ್ ಆಚೆ ತಳಪಾಯ ಹಾಕಿದರೆ ಅಕ್ಷಾಂಶ ರೇಖಾಂಶ ಹೊಂದದೆ ಬಿಲ್ ನಿಂತುಬಿಡುತ್ತದೆ. ನಿಗದಿತ ಅವಧಿಯಲ್ಲಿ ಕೆಲಸ ಶುರು ಮಾಡದಿದ್ದರೆ ಮನೆ ‘ಬ್ಲಾಕ್’ ಆಗುತ್ತದೆ. ಆದ್ದರಿಂದ ಜಾಗದ ತಕರಾರು ಮುಗಿಯದೆ ಮೊದಲ ಫೋಟೊಗೆ ನಿಲ್ಲಬೇಡಿ. ಪ್ರತಿ ಹಂತದಲ್ಲೂ ನಿಮ್ಮ ಫೋನಿನಲ್ಲೂ ದಿನಾಂಕ ಸಹಿತ ಒಂದು ಫೋಟೊ ಇರಲಿ. ಫಲಾನುಭವಿ ಕ್ರಮಸಂಖ್ಯೆ ಹಾಕಿದರೆ ಯಾವ ಕಂತು ಎಲ್ಲಿ ನಿಂತಿದೆ ಎಂದು ನಿಗಮದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ‘ಬೆಂಗಳೂರಿನಿಂದಲೇ ಬಂದಿಲ್ಲ’ ಎಂಬ ಉತ್ತರ ನಿಜವೋ ಸುಳ್ಳೋ ಅಲ್ಲೇ ತಿಳಿಯುತ್ತದೆ.

ಕೇಂದ್ರದ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಸಹಾಯಧನ 1,20,000 ರೂಪಾಯಿ, ಕೇಂದ್ರ ಮತ್ತು ರಾಜ್ಯದ ಪಾಲು 60:40. ಮನೆ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಶೌಚಾಲಯಕ್ಕೆ ಸ್ವಚ್ಛ ಭಾರತದಡಿ ಪ್ರತ್ಯೇಕ 12,000 ರೂಪಾಯಿ. ಇಂದಿನ ಸಿಮೆಂಟು, ಕಬ್ಬಿಣ, ಜಲ್ಲಿಯ ರೇಟಿನಲ್ಲಿ ಈ ಹಣಕ್ಕೆ ಮನೆ ಏಳುವುದಿಲ್ಲ ಎಂಬುದು ಕಟ್ಟಿದವರಿಗೆಲ್ಲ ಗೊತ್ತು. ಮಿಕ್ಕದ್ದು ಸಂಘದ ಸಾಲ, ಒಡವೆ. ಇದರ ಜೊತೆಗೆ ‘ಕಾಂಟ್ರಾಕ್ಟರ್‌ಗೆ ವಹಿಸಿ, ನಿಮಗೆ ಚಿಂತೆ ಬೇಡ’ ಎಂದು ಬರುವವರಿದ್ದಾರೆ. ಕಟ್ಟುವುದು ಫಲಾನುಭವಿಯೇ, ಗುತ್ತಿಗೆದಾರ ಇರಕೂಡದು ಎಂಬುದು ಮಾರ್ಗಸೂಚಿ. ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಕೈಗೂ ಕೊಡಬೇಡಿ.

ಫೋಟೊ ಹೊಡೆಯಲು ಇಷ್ಟು, ಬಿಲ್ ಕಳಿಸಲು ಇಷ್ಟು ಎಂದು ಕೇಳಿದರೆ ಅದು ಲೋಕಾಯುಕ್ತ ಪೊಲೀಸರಿಗೆ ಹೋಗಬೇಕಾದ ವಿಷಯ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಅವರಿಗೆ ರಕ್ಷಣೆ. ಕೊಟ್ಟು ಒಂದು ತಿಂಗಳಾದ ಮೇಲೆ ಕಟ್ಟೆಯಲ್ಲಿ ಕೂತು ಬೈದರೆ ನಮ್ಮದೇ ತಪ್ಪೊಪ್ಪಿಗೆಯಾಗುತ್ತದೆ. ಬೇರೆ ಬಗೆಯ ವಿಳಂಬಕ್ಕೆ ಇಒ, ನಂತರ ಜಿಲ್ಲಾ ಪಂಚಾಯತಿ ಸಿಇಒ. ಜನಸ್ಪಂದನದ 1902ಕ್ಕೆ ಕರೆ ಮಾಡಿದರೆ ದೂರಿಗೆ ಸಂಖ್ಯೆ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಇಷ್ಟಾದರೂ ಅರ್ಜಿಯನ್ನು ತೀರ್ಮಾನಿಸದೆ ಇಟ್ಟರೆ, ಕಾನೂನಿನಂತೆ ಪರಿಗಣಿಸಿ ಎಂದು ನಿರ್ದೇಶನ ಕೋರಿ ಹೈಕೋರ್ಟಿಗೆ ರಿಟ್ ಹಾಕಬಹುದು. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ವಕೀಲರ ಖರ್ಚಿಗೆ ಅಂಜುವವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಲಿ, ಅಥವಾ 15100ಕ್ಕೆ ಕರೆ ಮಾಡಲಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ.

ಪಟ್ಟಣಗಳ ಮಾತು ಬೇರೆ. ಅಲ್ಲಿ ಫಲಾನುಭವಿಗಳ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಕೈಯಲ್ಲಿದೆ, ಗ್ರಾಮ ಸಭೆಯಂಥ ಬಯಲು ಸಭೆ ಇಲ್ಲ. ಹಾಗಾಗಿ ಸಮಿತಿಯ ನಡಾವಳಿಯನ್ನು ಮಾಹಿತಿ ಹಕ್ಕಿನಡಿ ಕೇಳುವುದು ಅಲ್ಲಿ ಇನ್ನೂ ಮುಖ್ಯ. ಕೊಳಗೇರಿಯಲ್ಲಿರುವವರು ಮೊದಲು ಕೇಳಬೇಕಾದ್ದು, ತಮ್ಮ ಪ್ರದೇಶ 1973ರ ಕೊಳಗೇರಿ ಕಾಯ್ದೆಯಡಿ ಘೋಷಣೆಯಾಗಿದೆಯೇ ಎಂದು.

ಇನ್ನೊಂದು ಬಾಕಿ ಇದೆ. ಕೊನೆಯ ಬಿಲ್ ಬಿದ್ದ ಮೇಲೆ ಕಾಗದದ ಚೀಲವನ್ನು ಅಟ್ಟಕ್ಕೆ ಎಸೆಯುವುದು ನಮ್ಮ ರೂಢಿ. ಪಂಚಾಯತಿಯಿಂದ ಇ-ಸ್ವತ್ತಿನ ನಮೂನೆ 9 ಮಾಡಿಸಿಕೊಳ್ಳಿ. ನಿವೇಶನವೂ ಸರ್ಕಾರದ್ದೇ ಆಗಿದ್ದರೆ ಹಕ್ಕುಪತ್ರದ ಹಿಂಬದಿಯ ಷರತ್ತುಗಳನ್ನು, ಅದರಲ್ಲೂ ಪರಭಾರೆ ನಿಷೇಧದ ಅವಧಿಯನ್ನು ಓದಿಸಿ ತಿಳಿದುಕೊಳ್ಳಿ. ಆ ಅವಧಿಯೊಳಗೆ ಕೈಬರಹದ ಕರಾರಿನ ಮೇಲೆ ಮನೆ ಕೊಂಡವರೂ ಮಾರಿದವರೂ ತಹಶೀಲ್ದಾರ್ ಕಚೇರಿಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿರುತ್ತಾರೆ. ಮನೆ ಕಟ್ಟುವ ನಡುವೆಯೇ ಫಲಾನುಭವಿ ತೀರಿಕೊಂಡರೆ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ವಾರಸುದಾರರ ಹೆಸರಿಗೆ ಬದಲಾಯಿಸಲು ಪಂಚಾಯತಿಗೆ ಅರ್ಜಿ ಕೊಡಿ, ಮತ್ತು ಆ ಅರ್ಜಿ ಯಾವ ದಿನದ ಸಭೆಯ ನಡಾವಳಿಗೆ ಬಂತೆಂದು ಕೇಳಿ ಬರೆದುಕೊಳ್ಳಿ.