ನಾನಾಜಾನ್ ಎದೆಯಲ್ಲಿರುವ ರೇಡಿಯೋ

ಅಮ್ಮಿಯ ತಂದೆಯನ್ನು ನಾವು ನಾನಾಜಾನ್ ಎನ್ನುತ್ತೇವೆ. ಉದಯಗಿರಿಯಲ್ಲಿ ನಮ್ಮ ಜೊತೆಯೇ ಇದ್ದಾರೆ. ಕಳೆದ ವರ್ಷ ಅವರಿಗೆ ಪೇಸ್‌ಮೇಕರ್ ಹಾಕಿದರು. ಅದರ ಜೊತೆ ಹಾಸಿಗೆಯ ಪಕ್ಕ ಇಡುವ ಒಂದು ಪೆಟ್ಟಿಗೆಯನ್ನೂ ಕೊಟ್ಟರು. ಅವರು ಮಲಗಿರುವಾಗ ಅದು ಪೇಸ್‌ಮೇಕರ್‌ನಿಂದ ಮಾಹಿತಿ ಓದಿ ಆಸ್ಪತ್ರೆಗೆ ಕಳಿಸುತ್ತದೆ. ಒಂದು ದಿನ ನೋಡಿದರೆ ಪೆಟ್ಟಿಗೆ ಬೀರುವಿನ ಮೇಲಿತ್ತು, ವೈರ್ ಸುತ್ತಿಟ್ಟಿದ್ದರು. ಹ್ಯಾಕರ್‌ಗಳು ಕುಳಿತಲ್ಲಿಂದಲೇ ಹೃದಯ ನಿಲ್ಲಿಸಬಹುದು ಎಂದು ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ನಾನು ನಕ್ಕುಬಿಟ್ಟೆ. ಆಮೇಲೆ ಓದಿದಾಗ ಅದು ಪೂರ್ತಿ ಸುಳ್ಳಲ್ಲ ಎಂದು ತಿಳಿಯಿತು. ನಾನು ಕಾಮರ್ಸ್ ವಿದ್ಯಾರ್ಥಿ, ತಪ್ಪಿದ್ದರೆ ಸೈನ್ಸ್ ವಿಭಾಗದ ಗೆಳೆಯರು ತಿದ್ದಲಿ.

ಎದೆಯೊಳಗಿನ ಯಂತ್ರಕ್ಕೆ ರೇಡಿಯೋ ಯಾಕೆ? ಬಡಿತದ ವೇಗ ಬದಲಿಸಬೇಕಾದಾಗಲೆಲ್ಲ ಚರ್ಮ ಕೊಯ್ಯಲು ಆಗುವುದಿಲ್ಲವಲ್ಲ. ಇಂಥ ಉಪಕರಣಗಳಿಗೆಂದೇ 402ರಿಂದ 405 ಮೆಗಾಹರ್ಟ್ಸ್ ತರಂಗಗಳನ್ನು ಮೀಸಲಿಟ್ಟಿದ್ದಾರೆ. ಶಕ್ತಿಯ ಮಿತಿ 25 ಮೈಕ್ರೋವಾಟ್, ಅಂದರೆ ಒಂದು ವಾಟ್‌ನ ನಲವತ್ತು ಸಾವಿರದಲ್ಲಿ ಒಂದು ಪಾಲು. ಅದು ಕೆಲವು ಮೀಟರ್ ಆಚೆಗೆ ಕೇಳಿಸುವುದೇ ಕಷ್ಟ.

2008ರಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಹೃದಯಕ್ಕೆ ಶಾಕ್ ಕೊಡುವ ಒಂದು ಯಂತ್ರವನ್ನು ಪ್ರಯೋಗಾಲಯದಲ್ಲಿಟ್ಟು ಪರೀಕ್ಷಿಸಿದರು. ಅದು ಯಾರ ದೇಹದಲ್ಲೂ ಇರಲಿಲ್ಲ. ಕೆಲವೇ ಸೆಂಟಿಮೀಟರ್ ದೂರದಿಂದ ರೋಗಿಯ ಮಾಹಿತಿ ಓದಿದರು, ಚಿಕಿತ್ಸೆ ನಿಲ್ಲಿಸಿದರು, ಶಾಕ್ ಕೊಡುವ ಆಜ್ಞೆಯನ್ನೂ ಕಳಿಸಿದರು. ವೈದ್ಯರ ಯಂತ್ರ ಕಳಿಸಿದ ಸಂದೇಶವನ್ನು ರೆಕಾರ್ಡ್ ಮಾಡಿ ಮತ್ತೆ ಕಳಿಸಿದರೆ ಸಾಕಿತ್ತು!

ಇದನ್ನು ನಾನು ಚೆಕ್ ಮೂಲಕ ಅರ್ಥ ಮಾಡಿಕೊಂಡೆ. ಚೆಕ್ಕನ್ನು ಲಕೋಟೆಯಲ್ಲಿಟ್ಟು ಅಂಟಿಸುವುದು ಎನ್‌ಕ್ರಿಪ್ಶನ್, ದಾರಿಯಲ್ಲಿ ಯಾರೂ ಓದಬಾರದು. ಬ್ಯಾಂಕಿನವರು ಸಹಿ ಹೋಲಿಸಿ ನೋಡುವುದು ಅಥೆಂಟಿಕೇಶನ್. ಆದರೆ ಇವೆರಡೇ ಸಾಲದು. ಒಂದೇ ಚೆಕ್ಕಿಗೆ ಎರಡು ಸಲ ಹಣ ಕೊಡಬಾರದೆಂದು ಅದರ ಮೇಲೆ ನಂಬರ್ ಇರುತ್ತದೆ. ಹಾಗೆಯೇ ಪ್ರತಿ ರೇಡಿಯೋ ಆಜ್ಞೆಗೂ ಹೊಸ ಸಂಖ್ಯೆ ಬೇಕು, ಹಳೆಯದು ಮತ್ತೆ ಬಂದರೆ ಯಂತ್ರ ತಿರಸ್ಕರಿಸಬೇಕು.

ಹಾಗಾದರೆ ಗಟ್ಟಿ ಪಾಸ್‌ವರ್ಡ್ ಹಾಕಿಬಿಡಲಿ ಎಂದು ನಾನೂ ಅಂದುಕೊಂಡೆ. ನಾನಾಜಾನ್ ವರ್ಷಕ್ಕೊಮ್ಮೆ ರೈಲಿನಲ್ಲಿ ಕಲಬುರಗಿಗೆ ಹೋಗುತ್ತಾರೆ. ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಯಾವುದೋ ಊರಿನ ಡಾಕ್ಟರ್ ಪೇಸ್‌ಮೇಕರ್ ನೋಡಬೇಕು. ಪಾಸ್‌ವರ್ಡ್ ಮೈಸೂರಿನಲ್ಲಿದ್ದರೆ? ಬೀಗ ಸಡಿಲವಾದರೆ ಕಳ್ಳ ಬರುತ್ತಾನೆ, ಬಿಗಿಯಾದರೆ ಡಾಕ್ಟರೂ ಹೊರಗೇ ನಿಲ್ಲಬೇಕಾಗುತ್ತದೆ. ಬ್ಯಾಟರಿಯ ಚಿಂತೆ ಬೇರೆ. ಪದೇ ಪದೇ ಸಹಿ ಪರಿಶೀಲಿಸಿದರೆ ಅದು ಬೇಗ ಖಾಲಿಯಾಗುತ್ತದೆ, ಮತ್ತೆ ಆಪರೇಷನ್.

2013ರಲ್ಲಿ ಪ್ರಕಟವಾದ ಒಂದು ಉಪಾಯ ನನಗೆ ತುಂಬಾ ಹಿಡಿಸಿತು. ಅದರಲ್ಲಿ ಹೃದಯದ ಬಡಿತವೇ ಕೀಲಿಕೈ. ಡಾಕ್ಟರ ಯಂತ್ರ ರೋಗಿಯ ಮೈ ಮುಟ್ಟಿ ಬಡಿತ ಓದುತ್ತದೆ, ಒಳಗಿನ ಯಂತ್ರವೂ ಅದೇ ಹೊತ್ತಿಗೆ ಓದುತ್ತದೆ. ಬಡಿತಗಳ ನಡುವಿನ ಸಣ್ಣ ಸಣ್ಣ ಸಮಯ ವ್ಯತ್ಯಾಸಗಳು ಎರಡರಲ್ಲೂ ತಾಳೆಯಾದರೆ ಮಾತ್ರ ಬಾಗಿಲು ತೆರೆಯುತ್ತದೆ. ಮೈ ಮುಟ್ಟುವಷ್ಟು ಹತ್ತಿರ ಬಂದವರಿಗೆ ಮಾತ್ರ ಪ್ರವೇಶ.

ಇನ್ನು ನಿಜವಾಗಿ ನಡೆದ ರಿಪೇರಿ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಅಲ್ಲಿನ ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಹೊಸ ಸಾಫ್ಟ್‌ವೇರ್ ಒಪ್ಪಿತು. ಅವು ಸೇಂಟ್ ಜೂಡ್ ಕಂಪನಿಯವು, ಆಗ ಅದು ಅಬಾಟ್ ಕೈಯಲ್ಲಿತ್ತು. ಆಸ್ಪತ್ರೆಗೆ ಹೋಗಬೇಕು, ಸುಮಾರು ಮೂರು ನಿಮಿಷದ ಕೆಲಸ, ಆ ಹೊತ್ತಿನಲ್ಲಿ ಯಂತ್ರ ನಿಮಿಷಕ್ಕೆ 67 ಬಡಿತದಲ್ಲಿ ನಡೆಯುತ್ತದೆ. ಯಂತ್ರ ಪೂರ್ತಿ ಕೆಡುವ ಸಾಧ್ಯತೆ 0.003 ಶೇಕಡಾ ಎಂದು ಹಿಂದಿನ ಅನುಭವದಿಂದ ಲೆಕ್ಕ ಕೊಟ್ಟಿದ್ದರು. ಸಣ್ಣ ಸಂಖ್ಯೆ ಅನ್ನಿಸಿತು. ಕ್ಯಾಲ್ಕ್ಯುಲೇಟರ್‌ನಲ್ಲಿ ಹಾಕಿ ನೋಡಿದೆ: ಎಲ್ಲರೂ ಹಾಕಿಸಿಕೊಂಡರೆ ಹದಿನಾಲ್ಕು ಜನ. ಇನ್ನೊಂದು ಕಡೆ, ಹ್ಯಾಕಿಂಗ್‌ನಿಂದ ರೋಗಿಗೆ ಹಾನಿಯಾದ ಒಂದು ವರದಿಯೂ ಆಗ ಇರಲಿಲ್ಲ. ಅದಕ್ಕೇ ಎಲ್ಲರೂ ಹಾಕಿಸಿಕೊಳ್ಳಲೇಬೇಕು ಎನ್ನದೆ, ಡಾಕ್ಟರ್ ಮತ್ತು ರೋಗಿ ಮಾತಾಡಿ ತೀರ್ಮಾನಿಸಲಿ ಎಂದರು. ಈ ಹದಿನಾಲ್ಕರ ಲೆಕ್ಕ ನನ್ನನ್ನು ಎರಡು ದಿನ ಕಾಡಿತು.

ಅದೇ ವರ್ಷದ ಜನವರಿಯಲ್ಲಿ ಅದೇ ಕಂಪನಿಯ ಮನೆಯ ಪೆಟ್ಟಿಗೆಯಲ್ಲೂ ದೋಷವಿರುವುದು ದೃಢಪಟ್ಟಿತ್ತು. ಅದರ ರಿಪೇರಿ ನೆಟ್‌ವರ್ಕ್ ಮೂಲಕ ತಾನಾಗಿಯೇ ಬರುತ್ತಿತ್ತು, ಆದರೆ ಪ್ಲಗ್ ಹಾಕಿಟ್ಟ ಪೆಟ್ಟಿಗೆಗಳಿಗೆ ಮಾತ್ರ!

ಇದನ್ನೇ ನಾನಾಜಾನ್‌ಗೆ ಉರ್ದುವಿನಲ್ಲಿ ಹೇಳಿದೆ. ಬೀರುವಿನ ಮೇಲಿದ್ದರೆ ಪೆಟ್ಟಿಗೆಯ ಮೂಲಕ ಹ್ಯಾಕರ್ ಬರುವುದಿಲ್ಲ ನಿಜ, ಆದರೆ ರಿಪೇರಿಯೂ ಬರುವುದಿಲ್ಲ, ನಿಮ್ಮ ಬಡಿತ ತಪ್ಪಿದರೆ ಡಾಕ್ಟರಿಗೆ ಸುದ್ದಿಯೂ ಹೋಗುವುದಿಲ್ಲ ಎಂದೆ. ಮೊಬೈಲನ್ನು ಎದೆಯ ಜೇಬಿನಲ್ಲಿ ಇಡಬೇಡಿ, ಪೇಸ್‌ಮೇಕರ್‌ನಿಂದ 15 ಸೆಂಟಿಮೀಟರ್ ದೂರವಿರಲಿ ಎಂದೂ ಹೇಳಿದೆ. ಅವರು ಸುಮ್ಮನೆ ಕೇಳಿ, "ಆ ಹದಿನಾಲ್ಕು ಜನರಲ್ಲಿ ನಾನೊಬ್ಬನಾದರೆ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಕೊನೆಗೆ ಇಬ್ಬರೂ ಕೂತು ಮುಂದಿನ ಚೆಕಪ್‌ಗೆ ಮೂರು ಪ್ರಶ್ನೆ ಬರೆದೆವು: ನನ್ನ ಯಂತ್ರದ ಮಾಡೆಲ್‌ಗೆ ಅಪ್‌ಡೇಟ್ ಬಂದಿದೆಯೇ, ಹಾಕುವಾಗ ಅಪಾಯವೆಷ್ಟು, ಹಾಕದಿದ್ದರೆ ಅಪಾಯವೆಷ್ಟು. ಚೀಟಿ ಅವರ ಪೇಸ್‌ಮೇಕರ್ ಕಾರ್ಡಿನ ಜೊತೆ ಪರ್ಸಿನಲ್ಲಿದೆ. ಪೆಟ್ಟಿಗೆ ಮತ್ತೆ ಹಾಸಿಗೆಯ ಪಕ್ಕಕ್ಕೆ ಬಂದಿದೆ, ಹಸಿರು ದೀಪ ಉರಿಯುತ್ತಿದೆ. ನಿದ್ದೆಗೆ ತೊಂದರೆ ಎಂದು ಅದರ ಮೇಲೆ ಟೋಪಿ ಇಡುತ್ತಾರೆ.